ಕಿವಿಯ ಮೇಲ್ಭಾಗ ಚುಚ್ಚಿಸಿಕೊಳ್ಳುವುದು: ಸೂಜಿಯಿಂದ ಹಿಡಿದು ಗಾಯ ಮಾಯುವ ತನಕ

ನನ್ನ ಬಲಗಿವಿಯ ಮೇಲಂಚಿನಲ್ಲಿ ಒಂದು ಚಿಕ್ಕ ಗುಳಿ ಇದೆ. ಬೆರಳಿಟ್ಟು ಒತ್ತಿದರೆ ಒಳಗೆ ಸಾಸಿವೆ ಕಾಳಿನಷ್ಟು ಗಟ್ಟಿ ಗಂಟು ಸಿಗುತ್ತದೆ. ಪಿಯುಸಿ ಮುಗಿದ ರಜೆಯಲ್ಲಿ ಒಡವೆ ಅಂಗಡಿಯೊಂದಕ್ಕೆ ಹೋಗಿ ಗನ್ ಶಾಟ್, ಅಂದರೆ ಗನ್ನಿನಂಥ ಯಂತ್ರದಲ್ಲಿ ಕಿವಿ ಚುಚ್ಚಿಸಿಕೊಂಡು ಬಂದಿದ್ದರ ಗುರುತು ಅದು. ಚುಚ್ಚಿದ್ದು ಎರಡೇ ನಿಮಿಷ. ಆಮೇಲೆ ಐದು ತಿಂಗಳು ಒದ್ದಾಡಿ ತೆಗೆಸಿದೆ. ಎಡಗಿವಿಯಲ್ಲಿ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಈಗ ಒಂದು ಪುಟ್ಟ ಟೈಟಾನಿಯಂ ಸ್ಟಡ್ ಹಾಯಾಗಿ ಕೂತಿದೆ. ಅದನ್ನು ಸೂಜಿಯಲ್ಲಿ ಚುಚ್ಚಿಸಿದ್ದೆ. ಒಂದು ವರ್ಷ ಹಿಡಿಯಿತು ಪೂರ್ತಿ ಮಾಯಲು, ಆದರೆ ಒಂದು ದಿನವೂ ಕೀವು ಕಾಣಲಿಲ್ಲ.

ಮೊದಲ ಸಲ ನನಗೆ ಸಲಹೆ ಕೊಟ್ಟವರಿಗೇನೂ ಕೊರತೆ ಇರಲಿಲ್ಲ. ಅಮ್ಮ ಹೇಳಿದ್ದು, "ದಿನಾ ತಿರುಗಿಸ್ತಾ ಇರು, ಇಲ್ಲಾಂದ್ರೆ ಅಂಟ್ಕೊಳತ್ತೆ ಕಣೇ." ದೊಡ್ಡಮ್ಮ ಅರಿಶಿನ ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದರು. ಅಂಗಡಿಯವರು ಸ್ಪಿರಿಟ್‌ನಲ್ಲಿ ಒರೆಸು ಅಂದರು. ಮೂರನ್ನೂ ಮಾಡಿದೆ. ಇವರ್ಯಾರೂ ಸುಳ್ಳು ಹೇಳಿದ್ದಲ್ಲ. ಅವರ ಅನುಭವವೆಲ್ಲ ಕಿವಿ ಹಾಲೆಯದು. ಹಾಲೆ ಪಾಪ ಏನು ಮಾಡಿದರೂ ತಡೆದುಕೊಳ್ಳುತ್ತದೆ. ಮೇಲ್ಭಾಗ ತಡೆದುಕೊಳ್ಳುವುದಿಲ್ಲ.

ಹಾಲೆ ಬೇರೆ, ಮೇಲ್ಭಾಗ ಬೇರೆ

ಕಿವಿ ಹಾಲೆಯಲ್ಲಿ ಇರುವುದು ಚರ್ಮ, ಕೊಬ್ಬು, ಬೇಕಾದಷ್ಟು ರಕ್ತನಾಳ. ಚುಚ್ಚಿದರೆ 6ರಿಂದ 8 ವಾರದಲ್ಲಿ ಮಾಯುತ್ತದೆ. ಅದರ ಮೇಲಿನ ಗಟ್ಟಿ ಭಾಗವೆಲ್ಲ ಕಾರ್ಟಿಲೇಜ್, ಅಂದರೆ ಮೆತ್ತನೆ ಮೂಳೆ. ಇದಕ್ಕೆ ಸ್ವಂತ ರಕ್ತನಾಳವೇ ಇಲ್ಲ. ಮೇಲೆ ಅಂಟಿಕೊಂಡಿರುವ ತೆಳು ಪೊರೆಯ ಮೂಲಕವೇ ಅದಕ್ಕೆ ಆಹಾರ ಸಿಗಬೇಕು. ಪೆರಿಕಾಂಡ್ರಿಯಂ ಅನ್ನುತ್ತಾರೆ ಆ ಪೊರೆಗೆ. ರಕ್ತ ಕಡಿಮೆ ಬರುವ ಜಾಗದಲ್ಲಿ ಗಾಯ ನಿಧಾನಕ್ಕೆ ಮಾಯುತ್ತದೆ, ಸೋಂಕು ಬಂದರೆ ಔಷಧಿಯೂ ನಿಧಾನಕ್ಕೆ ತಲುಪುತ್ತದೆ. ಪೊರೆಗೂ ಕಾರ್ಟಿಲೇಜ್‌ಗೂ ನಡುವೆ ಕೀವು ತುಂಬಿತು ಅಂದರೆ ಕಾರ್ಟಿಲೇಜ್‌ಗೆ ಆಹಾರವೇ ನಿಂತುಹೋಗುತ್ತದೆ. ಅದು ಸತ್ತರೆ ಕಿವಿಯ ಆಕಾರವೇ ಮುದುಡುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಹೆದರಿಸಲು ಹೇಳುತ್ತಿಲ್ಲ. ಮುಂದೆ ನಾನು ಹೇಳುವ ಪ್ರತಿಯೊಂದು ಕಿರಿಕಿರಿ ನಿಯಮಕ್ಕೂ ಕಾರಣ ಇದೇ. ಮೇಲ್ಭಾಗ ಪೂರ್ತಿ ಮಾಯಲು 6ರಿಂದ 12 ತಿಂಗಳು ಬೇಕು. ಎರಡನೇ ತಿಂಗಳಿಗೇ ನೋವು ಹೋಗಿ, ಹೊರಗೆಲ್ಲ ಚೆನ್ನಾಗಿ ಕಾಣುತ್ತದೆ. ಆಗ ಎಲ್ಲರೂ ಮೋಸ ಹೋಗುವುದು. ಗಾಯ ಹೊರಗಿನಿಂದ ಒಳಕ್ಕೆ ಮಾಯುತ್ತಾ ಹೋಗುತ್ತದೆ. ಎರಡು ಬದಿಯೂ ಒಣಗಿದಂತೆ ಕಂಡರೂ ನಡುವಿನ ಸುರಂಗ ಇನ್ನೂ ಹಸಿಯಾಗಿಯೇ ಇರುತ್ತದೆ.

ಅಂದ ಹಾಗೆ ಇದು ಹೊಸ ಫ್ಯಾಷನ್ ಏನಲ್ಲ. ನಮ್ಮ ಕಡೆ ಅಜ್ಜಿಯರು ಕಿವಿಯ ಮೇಲಂಚಿಗೆ ಬುಗುಡಿ, ಬಾವಲಿ ಹಾಕುತ್ತಿದ್ದರು. ನಮ್ಮಜ್ಜಿಗೆ ಎರಡೂ ಕಿವಿಯಲ್ಲಿ ಬುಗುಡಿ ಇತ್ತು. ಆಚಾರ್ರು ಮನೆಗೇ ಬಂದು ಚಿನ್ನದ ತಂತಿಯಲ್ಲಿ ಚುಚ್ಚಿ, ಅದನ್ನೇ ಸುತ್ತಿ ಬಿಟ್ಟಿದ್ದರಂತೆ. ಬುಗುಡಿ ಹಾಕಿದ್ದು ಎಷ್ಟೋ ಕಾಲ ಆದಮೇಲೆ. ಆ ಕಾಯುವಿಕೆ ಎಲ್ಲರ ನೆನಪಿನಿಂದಲೂ ಬಿಟ್ಟುಹೋಗಿದೆ, ಅರಿಶಿನ ಒಂದು ಉಳಿದುಕೊಂಡಿದೆ.

ಎಲ್ಲಿ ಚುಚ್ಚಿಸುವುದು, ಯಾವಾಗ ಚುಚ್ಚಿಸುವುದು

ಕಿವಿಯ ಹೊರ ಅಂಚು ಹೀಲಿಕ್ಸ್. ಮುಖದ ಕಡೆ ಅಂಚು ಶುರುವಾಗುವಲ್ಲಿ ಫಾರ್ವರ್ಡ್ ಹೀಲಿಕ್ಸ್. ಕಿವಿ ತೂತಿನ ಮುಂದೆ ಬಾಗಿಲಂತೆ ಇರುವ ಪುಟ್ಟ ಮಡಿಕೆ ಟ್ರೇಗಸ್. ನಡುವಿನ ಬಟ್ಟಲು ಕಾಂಚ್. ಎರಡು ತೂತಿಗೆ ಸೇರಿ ಒಂದೇ ಉದ್ದ ಕಡ್ಡಿ ಹಾಕುವುದು ಇಂಡಸ್ಟ್ರಿಯಲ್. ಮೊದಲ ಸಲದವರಿಗೆ ನನ್ನ ಸಲಹೆ: ಸಾದಾ ಹೀಲಿಕ್ಸ್, ಒಂದೇ ಒಂದು, ಒಂದೇ ಕಿವಿಗೆ. ಎರಡೂ ಕಿವಿಗೆ ಒಟ್ಟಿಗೆ ಮಾಡಿಸಿದರೆ ಯಾವ ಮಗ್ಗುಲಿಗೆ ಮಲಗುತ್ತೀರಿ? ಇಂಡಸ್ಟ್ರಿಯಲ್ ನೋಡಲು ಸೊಗಸು, ಆದರೆ ಒಂದು ತೂತು ಮುನಿಸಿಕೊಂಡರೆ ಇನ್ನೊಂದನ್ನೂ ಎಳೆಯುತ್ತದೆ. ಟ್ರೇಗಸ್ ಮಾಡಿಸಿದರೆ ಇಯರ್‌ಫೋನ್ ಮರೆತುಬಿಡಿ. ದಿನಾ ಬೆಂಗಳೂರಿಗೆ ರೈಲಲ್ಲಿ ಹೋಗಿಬರುವವರು ಇದನ್ನು ಯೋಚಿಸಬೇಕು.

ಹೆಲ್ಮೆಟ್ ವಿಚಾರ ಯಾರೂ ಹೇಳುವುದಿಲ್ಲ. ಮೈಸೂರಲ್ಲಿ ಸ್ಕೂಟಿ ಬಿಟ್ಟು ಬದುಕುವುದು ಹೇಗೆ? ದಿನಕ್ಕೆ ನಾಲ್ಕು ಸಲ ಹೆಲ್ಮೆಟ್ ಹಾಕಿ ತೆಗೆದರೆ ನಾಲ್ಕು ಸಲ ಅದು ಕಿವಿಯ ಮೇಲಂಚನ್ನು ಸವರಿಕೊಂಡೇ ಹೋಗುತ್ತದೆ. ಮನೆಯಲ್ಲೇ ಒಮ್ಮೆ ಕನ್ನಡಿ ಮುಂದೆ ನಿಮ್ಮ ಹೆಲ್ಮೆಟ್ ಹಾಕಿ ನೋಡಿ. ಕಿವಿಯ ಯಾವ ಜಾಗಕ್ಕೆ ತಾಗುತ್ತದೆ ಅಂತ ಗುರುತು ಮಾಡಿಕೊಳ್ಳಿ. ಚುಚ್ಚುವವರಿಗೆ ಅದನ್ನು ಹೇಳಿ. ನನ್ನ ಎರಡನೇ ತೂತು ಮೊದಲಿನದಕ್ಕಿಂತ ಎರಡು ಮೂರು ಮಿಲಿಮೀಟರ್ ಕೆಳಗಿದೆ, ಕಾರಣ ಇಷ್ಟೇ. ಹಾಗಂತ ಹೆಲ್ಮೆಟ್ ಬಿಡುವ ಮಾತಿಲ್ಲ. ಮೊದಲ ಎರಡು ಮೂರು ವಾರ ಬಸ್ಸು, ಆಟೊ. ಆಮೇಲೆ ಎರಡೂ ಕಡೆ ಪಟ್ಟಿ ಅಗಲಿಸಿ, ನೇರ ಮೇಲಿನಿಂದ ನಿಧಾನಕ್ಕೆ ಇಳಿಸಿ, ನೇರ ಮೇಲಕ್ಕೇ ತೆಗೆಯಿರಿ.

ಯಾವಾಗ ಅಂದರೆ, ಮದುವೆ, ಪರೀಕ್ಷೆ, ಪ್ರವಾಸ ಹತ್ತಿರ ಇಲ್ಲದಾಗ. ನಿಮ್ಮದೇ ಮದುವೆ ಇನ್ನು ಎರಡು ತಿಂಗಳಿದೆ ಅಂದರೆ ಬೇಡವೇ ಬೇಡ. ಮೇಕಪ್, ಹೇರ್ ಸ್ಪ್ರೇ, ಹೂವು, ಜಡೆಬಿಲ್ಲೆ, ಮಾಟಿ ಎಲ್ಲವೂ ಆ ಗಾಯದ ಮೇಲೇ ಬೀಳುತ್ತವೆ. ಏಪ್ರಿಲ್, ಮೇ ಬೆವರಿನ ಕಾಲ. ಬಲಮುರಿ, ಸಂಗಮಕ್ಕೆ ನೀರಾಟಕ್ಕೆ ಹೋಗುವ ಕಾಲವೂ ಅದೇ. ಹೊಳೆ, ಕೆರೆ, ಈಜುಕೊಳದ ನೀರು ಹಸಿ ತೂತಿಗೆ ಆಗಿಬರುವುದಿಲ್ಲ. ನಾನು ಎರಡನೆಯದನ್ನು ಆಷಾಢದಲ್ಲಿ ಮಾಡಿಸಿದೆ. ಮದುವೆ ಇಲ್ಲ, ಸೆಕೆ ಇಲ್ಲ. ಆಷಾಢದಲ್ಲಿ ಕಿವಿ ಚುಚ್ಚಿಸ್ತಾರೇನೇ ಅಂತ ಅಮ್ಮ ಗೊಣಗಿದರು, ಅದು ಬೇರೆ.

ಕೆಲವರು ಮೊದಲು ಡಾಕ್ಟರನ್ನು ಕೇಳಬೇಕು. ಶುಗರ್ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ರೋಗನಿರೋಧಕ ಶಕ್ತಿ ಕಡಿಮೆ ಮಾಡುವ ಔಷಧಿಯಲ್ಲಿರುವವರು, ಹೃದಯದ ಕವಾಟದ ತೊಂದರೆ ಇರುವವರು. ಬಸುರಿಯರು ಹೆರಿಗೆ ಆಗುವ ತನಕ ಮುಂದೂಡಿ. ಮೈಮೇಲೆ ಎಲ್ಲಾದರೂ ಹಳೆ ಗಾಯ, ಮೊಡವೆ, ಲಸಿಕೆ ಹಾಕಿದ ಜಾಗ ದಪ್ಪಗೆ ಉಬ್ಬಿ ಬೆಳೆದಿದ್ದರೆ ನಿಮಗೆ ಕೀಲಾಯ್ಡ್ ಆಗುವ ಚರ್ಮ ಇರಬಹುದು. ನಮ್ಮಂಥ ಕಂದು ಚರ್ಮದವರಲ್ಲಿ ಇದು ಜಾಸ್ತಿ, ಮನೆತನದಲ್ಲಿ ಹರಿದು ಬರುವುದೂ ಉಂಟು. ಅಂಥವರು ಚರ್ಮದ ಡಾಕ್ಟರನ್ನು ಕಾಣದೆ ಚುಚ್ಚಿಸಬೇಡಿ. ಟಿಟಿ ಇಂಜೆಕ್ಷನ್, ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತಲೂ ನೋಡಿಕೊಳ್ಳಿ.

ಗನ್ ಯಾಕೆ ಬೇಡ

ಗನ್‌ನಲ್ಲಿ ಸೂಜಿ ಇರುವುದಿಲ್ಲ. ಓಲೆಯ ಕಡ್ಡಿಯನ್ನೇ ಸ್ಪ್ರಿಂಗ್ ಬಲದಿಂದ ಕಿವಿಗೆ ನುಗ್ಗಿಸುತ್ತಾರೆ. ಆ ಕಡ್ಡಿಯ ತುದಿ ಸೂಜಿಯಷ್ಟು ಚೂಪಲ್ಲ. ಹಾಲೆಯಲ್ಲಿ ನಡೆದುಹೋಗುತ್ತದೆ. ಕಾರ್ಟಿಲೇಜ್ ಮಾತ್ರ ಆ ಏಟಿಗೆ ಜಜ್ಜಿಹೋಗುತ್ತದೆ, ಬಿರುಕು ಬಿಡುವುದೂ ಉಂಟು. ಟೊಳ್ಳು ಸೂಜಿ ಹಾಗಲ್ಲ. ಬ್ಲೇಡಿನ ಹಾಗೆ ಚೂಪಾಗಿದ್ದು, ಕಡ್ಡಿ ಕೂರುವಷ್ಟು ಜಾಗವನ್ನು ನೀಟಾಗಿ ಕತ್ತರಿಸಿ ದಾರಿ ಮಾಡುತ್ತದೆ.

ಎರಡನೇ ತೊಂದರೆ ಶುಚಿಯದು. ಪ್ಲಾಸ್ಟಿಕ್ ಗನ್ನನ್ನು ಆಟೋಕ್ಲೇವ್‌ಗೆ, ಅಂದರೆ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರಕ್ಕೆ ಹಾಕಿದರೆ ಕರಗುತ್ತದೆ. ಹಾಗಾಗಿ ಒರೆಸುತ್ತಾರೆ, ಅಷ್ಟೇ. ಶುಚಿ ಸರಿಯಿಲ್ಲದಿದ್ದರೆ ಏನಾಗಬಹುದು ಅನ್ನುವುದಕ್ಕೆ 2000ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ನಡೆದದ್ದಿದೆ. ಒಡವೆ ಮಳಿಗೆಯೊಂದರಲ್ಲಿ ಕಿವಿ ಚುಚ್ಚಿಸಿಕೊಂಡ 7 ಜನರಿಗೆ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಸೋಂಕು ಆಗಿದ್ದು ಪರೀಕ್ಷೆಯಲ್ಲಿ ಖಚಿತವಾಯಿತು. ಹುಡುಕಿದರೆ ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಎಲ್ಲಿ ಗೊತ್ತಾ? ಅವರು ಬಳಸುತ್ತಿದ್ದ ಕ್ರಿಮಿನಾಶಕದ ಬಾಟಲಿಯಲ್ಲೇ.

ಮೂರನೆಯದು ಗನ್ ಓಲೆಯ ಹಿಂದಿನ ಚಿಟ್ಟೆಯಾಕಾರದ ತಿರುಪು. ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಕಿವಿ ಊದಿಕೊಂಡರೆ ಜಾಗ ಇಲ್ಲ. ನನ್ನ ಬಲಗಿವಿಯಲ್ಲಿ ನಾಲ್ಕನೇ ದಿನಕ್ಕೆ ಆ ತಿರುಪು ಚರ್ಮದೊಳಗೆ ಅರ್ಧ ಹೂತುಕೊಂಡಿತ್ತು. ಅದರ ಮಡಿಕೆಗಳಲ್ಲಿ ಅರಿಶಿನ, ಎಣ್ಣೆ, ಒಣಗಿದ ರಸಿಗೆ, ಒಂದು ಕೂದಲು. ಡಾಕ್ಟರು ಇಕ್ಕಳದಲ್ಲಿ ಬಿಡಿಸಿ ಟ್ರೇನಲ್ಲಿಟ್ಟು ತೋರಿಸಿದಾಗ ನನಗೇ ಹೇಸಿಗೆ ಆಯಿತು.

ಚುಚ್ಚುವವರನ್ನು ಆರಿಸುವುದು

ಮೈಸೂರಲ್ಲಿ ಮೂರು ದಾರಿ ಇವೆ. ಒಡವೆ ಅಂಗಡಿ, ಟ್ಯಾಟೂ ಮತ್ತು ಪಿಯರ್ಸಿಂಗ್ ಸ್ಟುಡಿಯೋ, ಚರ್ಮದ ಅಥವಾ ಇಎನ್‌ಟಿ ಡಾಕ್ಟರ ಕ್ಲಿನಿಕ್. ಅಶೋಕ ರಸ್ತೆಯಲ್ಲಿ ಓಲೆ ಕೊಳ್ಳುವುದು ಸರಿ, ಮಗುವಿನ ಹಾಲೆ ಚುಚ್ಚಿಸುವ ಆಚಾರ್ರ ಕೈಗುಣವನ್ನೂ ನಾನು ಅಲ್ಲಗಳೆಯುವುದಿಲ್ಲ. ಕಾರ್ಟಿಲೇಜ್‌ಗೆ ಮಾತ್ರ ಉಳಿದ ಎರಡರಲ್ಲಿ ಒಂದನ್ನು ನೋಡಿ. ಡಾಕ್ಟರ ಹತ್ತಿರ ಶುಚಿ ಚೆನ್ನಾಗಿರುತ್ತದೆ, ಆದರೆ ಎಲ್ಲರ ಬಳಿಯೂ ಸರಿಯಾದ ಅಳತೆಯ ಸ್ಟಡ್ ಇರುವುದಿಲ್ಲ. ಒಳ್ಳೆ ಸ್ಟುಡಿಯೋದವರಿಗೆ ಸ್ಟಡ್ ಮತ್ತು ಕೋನ ಎರಡೂ ಗೊತ್ತಿರುತ್ತದೆ. ಮಂಡ್ಯದವರು ಊರಲ್ಲೇ ಸರಿಯಾದವರು ಸಿಗದಿದ್ದರೆ ಗನ್‌ಗೆ ಒಪ್ಪಿಕೊಳ್ಳಬೇಡಿ. ಮೈಸೂರು 45 ಕಿಲೋಮೀಟರ್, ರೈಲಿದೆ. ಜಾತ್ರೆ, ಎಕ್ಸಿಬಿಷನ್ ಮಳಿಗೆಯಲ್ಲಂತೂ ಬೇಡ.

ಚುಚ್ಚಿಸುವ ದಿನಕ್ಕೆ ಮುಂಚೆ ಒಂದು ಸಲ ಸುಮ್ನೆ ಹೋಗಿ ಮಾತಾಡಿ ಬನ್ನಿ. ಸೂಜಿಯಾ ಗನ್ನಾ? ಸೂಜಿ ಪ್ರತಿಯೊಬ್ಬರಿಗೂ ಹೊಸದಾ, ನನ್ನ ಕಣ್ಣೆದುರೇ ಪ್ಯಾಕೆಟ್ ಒಡೆಯುತ್ತೀರಾ? ಸ್ಟಡ್ಡನ್ನೂ ಇಕ್ಕಳವನ್ನೂ ಆಟೋಕ್ಲೇವ್ ಮಾಡುತ್ತೀರಾ? ಆಟೋಕ್ಲೇವ್ ಅಂದರೆ ಒತ್ತಡದ ಹಬೆಯಲ್ಲಿ 121 ಡಿಗ್ರಿಗೋ ಅದಕ್ಕೂ ಜಾಸ್ತಿಗೋ ಕಾಯಿಸಿ ಕ್ರಿಮಿ ಕೊಲ್ಲುವ ಯಂತ್ರ, ನಮ್ಮ ಕುಕ್ಕರಿನ ಅಣ್ಣ ಅಂದುಕೊಳ್ಳಿ. ನೀಲಿ ದೀಪದ ಯುವಿ ಡಬ್ಬಿ ತೋರಿಸಿ ಇದೇ ಅದು ಅಂದರೆ, ಅದಲ್ಲ. ಕೊನೆಗೊಂದು ಪ್ರಶ್ನೆ: ಆರು ವಾರ ಆದಮೇಲೆ ಕಡ್ಡಿ ಚಿಕ್ಕದು ಮಾಡಿಸಲು ಬರಬೇಕಾ? ಇದಕ್ಕೆ ಹೌದು ಅಂದವರು ಕೆಲಸ ಬಲ್ಲವರು. ಕೇಳಿದ್ದಕ್ಕೆ ಸಿಡುಕಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಸ್ಟಡ್ ಯಾವುದು

ಇಲ್ಲಿ ಮನೆಯವರ ಜೊತೆ ಜಗಳ ಗ್ಯಾರಂಟಿ. "ಚಿನ್ನ ಇರೋವಾಗ ತಗಡು ಯಾಕೆ?" ನಮ್ಮ ಮನೆಯಲ್ಲಿ ಕೇಳಿದ್ದು ಹೀಗೇ. ಉತ್ತರ ಇಲ್ಲಿದೆ. ಇಂಪ್ಲಾಂಟ್ ದರ್ಜೆಯ ಟೈಟಾನಿಯಂ, ಎಎಸ್‌ಟಿಎಂ ಎಫ್136 ಅಂತ ಬರೆದಿರುತ್ತದೆ, ಮೂಳೆಗೆ ಹಾಕುವ ರಾಡು ಸ್ಕ್ರೂಗಳಿಗೆ ಬಳಸುವ ಜಾತಿಯದು. ಹಗುರ, ನಿಕ್ಕಲ್ ಕಿರಿಕಿರಿ ಇಲ್ಲ. ಇದು ಮೊದಲ ಆಯ್ಕೆ. ನಿಕ್ಕಲ್ ಇಲ್ಲದ 14 ಅಥವಾ 18 ಕ್ಯಾರೆಟ್ ಚಿನ್ನವೂ ಆಗುತ್ತದೆ. ನಮ್ಮ ಮನೆಗಳಲ್ಲಿರುವ 22 ಕ್ಯಾರೆಟ್, ಅಂದರೆ 916 ಚಿನ್ನ, ಮೆತ್ತಗೆ. ಬೇಗ ಗೀರು ಬೀಳುತ್ತದೆ, ಆ ಗೀರು ಹಸಿ ಚರ್ಮವನ್ನು ಉಜ್ಜುತ್ತದೆ. ಮಾಯ್ದ ಮೇಲೆ ಹಾಕಿ, ಬೇಡ ಅನ್ನುವವರು ಯಾರು? ಬೆಳ್ಳಿ ಬೇಡ, ಹಸಿ ಗಾಯದಲ್ಲಿ ಕಪ್ಪಗಾಗಿ ಚರ್ಮಕ್ಕೂ ಕಲೆ ಹತ್ತಿಸುತ್ತದೆ. ಒಂದು ಗ್ರಾಂ ಗೋಲ್ಡ್, ಪಾಲಿಶ್ ಮಾಡಿದ್ದು, ಫ್ಯಾನ್ಸಿ ಸ್ಟೋರಿನದು ಯಾವುದೂ ಬೇಡ.

ಆಕಾರದಲ್ಲಿ ರಿಂಗ್ ಆಸೆ ಎಲ್ಲರಿಗೂ. ಮೊದಲಿಗೆ ಬೇಡ. ರಿಂಗ್ ಅಲ್ಲಾಡುತ್ತಲೇ ಇರುತ್ತದೆ, ಒಣಗಿದ ಹಕ್ಕಳೆಯನ್ನು ತೂತಿನೊಳಗೆ ಎಳೆದುಕೊಳ್ಳುತ್ತದೆ. ಹಿಂದೆ ಚಪ್ಪಟೆ ಬಿಲ್ಲೆ ಇರುವ ನೇರ ಕಡ್ಡಿ ಬೇಕು, ಲ್ಯಾಬ್ರೆಟ್ ಅನ್ನುತ್ತಾರೆ. ದಪ್ಪ 16 ಗೇಜ್, ಅಂದರೆ 1.2 ಮಿಲಿಮೀಟರ್, ಇಲ್ಲವೇ 18 ಗೇಜ್, 1 ಮಿಲಿಮೀಟರ್. ನಂಬರ್ ಜಾಸ್ತಿ ಆದಷ್ಟು ತೆಳು. ಉದ್ದ ಸಾಮಾನ್ಯವಾಗಿ 8 ಮಿಲಿಮೀಟರ್ ಆಸುಪಾಸು, ಊತಕ್ಕೆ ಜಾಗ ಇರಲೆಂದು. ಮೊದಮೊದಲು ಕಡ್ಡಿ ಸ್ವಲ್ಪ ಹೊರಗೆ ಚಾಚಿಕೊಂಡು ವಿಚಿತ್ರ ಕಾಣುತ್ತದೆ. ಹಾಗೇ ಇರಬೇಕು.

ಆ ದಿನ

ಹೊಟ್ಟೆ ತುಂಬ ತಿಂದು ಹೋಗಿ. ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತಿ ಬಿದ್ದವರಿದ್ದಾರೆ. ಹಿಂದಿನ ರಾತ್ರಿ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚಬೇಡಿ, ಕೂದಲು ಎತ್ತಿ ಕಟ್ಟಿ. ಗುಂಡಿ ಇರುವ ಅಂಗಿ ಹಾಕಿದರೆ ರಾತ್ರಿ ತಲೆ ಮೇಲಿಂದ ಎಳೆಯುವ ಕಷ್ಟ ಇಲ್ಲ.

ಅವರು ಕೈ ತೊಳೆದು ಹೊಸ ಗ್ಲೌಸ್ ಹಾಕಿ, ಕಿವಿ ಒರೆಸಿ, ಪೆನ್ನಲ್ಲಿ ಚುಕ್ಕಿ ಇಡುತ್ತಾರೆ. ಈ ಚುಕ್ಕಿ ನಿಮ್ಮ ಕೈಯಲ್ಲಿರುವ ಕೊನೇ ಅವಕಾಶ. ನಿಂತು, ಕೂತು, ಮುಖ ತಿರುಗಿಸಿ ನೋಡಿ. ಇಷ್ಟ ಆಗದಿದ್ದರೆ ಅಳಿಸಿ ಬೇರೆ ಇಡಲು ಹೇಳಿ. ಸಂಕೋಚ ಬೇಡ, ನಾನು ಮೂರು ಸಲ ಅಳಿಸಿಸಿದೆ. ಆಮೇಲೆ ಉಸಿರು ಒಳಗೆ, ಹೊರಗೆ. ಹೊರಗೆ ಬಿಡುವಾಗ ಸೂಜಿ. ಇರುವೆ ಅಲ್ಲ, ಗೊದ್ದ ಕಚ್ಚಿದಂತೆ ಒಂದು ಚುರುಕು, ಕಾರ್ಟಿಲೇಜ್ ದಾಟುವಾಗ ಕಿವಿಯೊಳಗೇ "ಟಕ್" ಅನ್ನುವ ಸದ್ದು. ಹಪ್ಪಳ ಮುರಿದಂತೆ ಕೇಳಿಸಿತು ನನಗೆ. ಆ ಸದ್ದಿಗೆ ಹೆದರಬೇಡಿ. ಸೂಜಿಯ ಬೆನ್ನಿಗೇ ಕಡ್ಡಿ ಬರುತ್ತದೆ. ಅರ್ಧ ಗಂಟೆ ಕಿವಿ ಕಾದ ಹೆಂಚಿನಂತೆ ಬಿಸಿ ಇರುತ್ತದೆ, ಕೆಂಪಗಾಗುತ್ತದೆ. ಒಂದೆರಡು ಹನಿ ರಕ್ತ ಬಂದರೂ ಸರಿಯೇ. ನೋವು ಜಾಸ್ತಿ ಅನಿಸಿದರೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಬೇಡ, ರಕ್ತ ನಿಲ್ಲುವುದು ತಡವಾಗುತ್ತದೆ.

ದಿನದ ಆರೈಕೆ, ಅಂದರೆ ಹೆಚ್ಚಾಗಿ ಏನೂ ಮಾಡದಿರುವುದು

ಮೆಡಿಕಲ್ ಸ್ಟೋರಿನಲ್ಲಿ "ನಾರ್ಮಲ್ ಸಲೈನ್, 0.9 ಪರ್ಸೆಂಟ್" ಅಂತ ಕೇಳಿ. ಸೋಡಿಯಂ ಕ್ಲೋರೈಡ್ ಬಿಟ್ಟು ಬೇರೇನೂ ಇರಬಾರದು. ಡ್ರಿಪ್ ಹಾಕುವ ದೊಡ್ಡ ಬಾಟಲಿ ಬೇಡ. ಅದರಲ್ಲಿ ಪ್ರಿಸರ್ವೇಟಿವ್ ಇಲ್ಲ, ಒಮ್ಮೆ ಒಡೆದರೆ ತಿಂಗಳುಗಟ್ಟಲೆ ಇಡುವಂತಿಲ್ಲ. 10 ಎಂಎಲ್‌ನ ಚಿಕ್ಕ ಪ್ಲಾಸ್ಟಿಕ್ ಆಂಪೂಲ್ ಸಿಕ್ಕರೆ ಅದೇ ವಾಸಿ, ದಿನಕ್ಕೊಂದು ಒಡೆದು ಉಳಿದದ್ದು ಚೆಲ್ಲಿ. ಗಾಯ ತೊಳೆಯುವ ಸಲೈನ್ ಸ್ಪ್ರೇ ಸಿಕ್ಕರೆ ಇನ್ನೂ ಸುಲಭ. ಮೂಗಿಗೆ ಬಿಡುವ ಸಲೈನ್ ಡ್ರಾಪ್ಸ್, ಕಾಂಟ್ಯಾಕ್ಟ್ ಲೆನ್ಸ್ ನೀರು ಇದಕ್ಕೆ ಆಗುವುದಿಲ್ಲ. ಮನೆಯಲ್ಲೇ ಉಪ್ಪು ನೀರು ಮಾಡುವವರು ಸಾಮಾನ್ಯವಾಗಿ ಸಾರಿನ ಹದಕ್ಕೆ ಉಪ್ಪು ಹಾಕುತ್ತಾರೆ, ಅದು ಜಾಸ್ತಿ ಆಗಿ ಚರ್ಮ ಒಣಗಿ ಬಿರಿಯುತ್ತದೆ.

ಮಾಡುವುದಿಷ್ಟು. ಸೋಪಿನಲ್ಲಿ ಕೈ ತೊಳೆಯಿರಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಮುಂದೆಯೂ ಹಿಂದೆಯೂ ಸಲೈನ್ ಬಿಡಿ. ಒಂದು ನಿಮಿಷ ನೆನೆಯಲಿ. ತಾನಾಗಿ ಬಿಟ್ಟ ಹಕ್ಕಳೆಯನ್ನು ಮಡಿಸಿದ ಗಾಜ್ ಬಟ್ಟೆಯಿಂದ ಎತ್ತಿಕೊಳ್ಳಿ. ಬಿಡದಿದ್ದರೆ ಬಿಟ್ಟುಬಿಡಿ, ಉಗುರಲ್ಲಿ ಕೆರೆಯಬೇಡಿ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಒಣಗಿಸಿ. ಒದ್ದೆ ಬಿಡುವುದೇ ಅರ್ಧ ತೊಂದರೆಗೆ ಮೂಲ, ಅದರಲ್ಲೂ ಹಿಂಬದಿ ಬಿಲ್ಲೆಯ ಕೆಳಗೆ. ನಾನು ಹೇರ್ ಡ್ರೈಯರನ್ನು ತಣ್ಣನೆ ಗಾಳಿಗೆ ಇಟ್ಟು ಮೊಳ ದೂರದಿಂದ ಹಿಡಿಯುತ್ತಿದ್ದೆ.

ತಿರುಗಿಸಬೇಡಿ. ಇದೊಂದನ್ನು ಅಮ್ಮಂದಿರಿಗೆ ಒಪ್ಪಿಸುವುದು ಕಷ್ಟ. ತಿರುಗಿಸಿದಾಗೆಲ್ಲ ಒಳಗೆ ಹೊಸದಾಗಿ ಕಟ್ಟಿಕೊಂಡ ಎಳೆ ಚರ್ಮ ಹರಿಯುತ್ತದೆ. ನಯವಾದ ಟೈಟಾನಿಯಂಗೆ ಚರ್ಮ ಅಂಟಿಕೊಂಡು ಬೆಸೆಯುವುದೂ ಇಲ್ಲ. ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ಸೊಪ್ಪು, ಡೆಟಾಲ್, ಸ್ಯಾವ್ಲಾನ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಟೀ ಟ್ರೀ ಆಯಿಲ್ ಯಾವುದೂ ಬೇಡ. ಅರಿಶಿನ ಹೊಟ್ಟೆಗೆ ಒಳ್ಳೇದು, ಸಾರಿಗೆ ಹಾಕಿ. ಗಾಯದ ಬಾಯಿಗೆ ಹಾಕಿದ ಪುಡಿ ಕೊಳೆಯಾಗಿ ಕೂರುತ್ತದೆ, ಎಣ್ಣೆ ಗಾಳಿಯಾಡಲು ಬಿಡುವುದಿಲ್ಲ.

ತಲೆಸ್ನಾನಕ್ಕೆ ತಡೆ ಇಲ್ಲ. ಶಾಂಪೂ, ಸೀಗೆಪುಡಿ ಏನು ಹಾಕಿದರೂ ಕೊನೆಗೆ ಕಿವಿಯ ಮೇಲೆ ಶುದ್ಧ ನೀರು ಹರಿಯಲಿ. ಯುಗಾದಿ, ದೀಪಾವಳಿಯ ಎಣ್ಣೆ ಸ್ನಾನಕ್ಕೆ ಶಾಸ್ತ್ರಕ್ಕೆ ನೆತ್ತಿಗೆ ಎರಡು ಹನಿ ಸಾಕು ಅಂತ ಅಜ್ಜಿಯ ಕೈ ಹಿಡಿದುಕೊಳ್ಳಿ.

ನಿಜವಾದ ಶತ್ರು ಟವೆಲ್. ಮೂರನೇ ವಾರ, ತಲೆ ಒರೆಸಿಕೊಂಡು ಟವೆಲ್ ಎಳೆದೆ. ಅದರ ಒಂದು ಕುಣಿಕೆ ದಾರ ಸ್ಟಡ್ಡಿನ ತಲೆಗೆ ಸಿಕ್ಕಿಕೊಂಡಿತ್ತು. ಕಣ್ಣಲ್ಲಿ ನೀರು ಬಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಅವತ್ತಿನಿಂದ ಹಳೇ ಪಂಚೆ ತುಂಡು. ಬಾಚಣಿಗೆ, ದುಪ್ಪಟ್ಟಾ, ಮಾಸ್ಕಿನ ಎಲಾಸ್ಟಿಕ್, ಕನ್ನಡಕದ ಕಾಲು, ಕಂಕುಳಲ್ಲಿರುವ ಮಗುವಿನ ಕೈ ಎಲ್ಲವನ್ನೂ ಅನುಮಾನದಿಂದಲೇ ನೋಡಿ. ಫೋನು ಇನ್ನೊಂದು ಕಿವಿಗೆ.

ಮಲಗುವುದು ಇನ್ನೊಂದು ಸಾಹಸ. ಚುಚ್ಚಿಸಿದ ಕಿವಿಯ ಮೇಲೆ ಮಲಗಿದರೆ ನೋವಷ್ಟೇ ಅಲ್ಲ, ತಿಂಗಳುಗಟ್ಟಲೆ ಒತ್ತಿ ಒತ್ತಿ ಕಡ್ಡಿಯ ಕೋನವೇ ವಾರೆಯಾಗುತ್ತದೆ. ಬಸ್ಸಿನಲ್ಲಿ ಕುತ್ತಿಗೆಗೆ ಹಾಕುವ ಯು ಆಕಾರದ ದಿಂಬು ಇದೆಯಲ್ಲ, ಅದನ್ನು ಹಾಸಿಗೆ ಮೇಲಿಟ್ಟು ನಡುವಿನ ಖಾಲಿ ಜಾಗಕ್ಕೆ ಕಿವಿ ಬರುವಂತೆ ಮಲಗಿ. ದಿಂಬಿನ ಗೌಸು ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಿ.

ಕಡ್ಡಿ ಚಿಕ್ಕದು ಮಾಡಿಸುವುದು

ಜನ ಮರೆಯುವುದು ಇದನ್ನೇ. ನಾಲ್ಕರಿಂದ ಎಂಟು ವಾರದೊಳಗೆ ಊತ ಇಳಿದು ಉದ್ದ ಕಡ್ಡಿ ಸಡಿಲವಾಗುತ್ತದೆ. ಹಾಗೇ ಬಿಟ್ಟರೆ ಆಚೀಚೆ ವಾಲಾಡಿ, ಎಲ್ಲದಕ್ಕೂ ಸಿಕ್ಕಿ, ತೂತಿನ ಪಕ್ಕ ಗುಳ್ಳೆ ಏಳುತ್ತದೆ. ಚುಚ್ಚಿದವರ ಹತ್ತಿರವೇ ಹೋಗಿ 6 ಮಿಲಿಮೀಟರ್ ಆಸುಪಾಸಿನ ಕಡ್ಡಿ ಹಾಕಿಸಿಕೊಳ್ಳಿ. ಕನ್ನಡಿ ಮುಂದೆ ನೀವೇ ಪ್ರಯತ್ನಿಸಬೇಡಿ. ಹಸಿ ತೂತು ನಿಮಿಷಗಳಲ್ಲೇ ಕುಗ್ಗುತ್ತದೆ, ಕಡ್ಡಿ ಒಳಗೆ ಹೋಗದೆ ಕೈ ನಡುಗಲು ಶುರುವಾಗುತ್ತದೆ.

ಗುಳ್ಳೆ ಎದ್ದರೆ, ಕೀವು ಬಂದರೆ

ಬಿಳಿ, ತಿಳಿಹಳದಿ ರಸಿಗೆ ಒಸರಿ ಒಣಗುವುದು ಮಾಮೂಲು, ತಿಂಗಳುಗಟ್ಟಲೆ ಬರಬಹುದು. ತೂತಿನ ಪಕ್ಕ ಚಿಕ್ಕ ಕೆಂಪು ಗುಳ್ಳೆ ಎದ್ದರೆ ಹೆಚ್ಚಿನ ಸಲ ಅದು ಕಿರಿಕಿರಿಯ ಗುಳ್ಳೆ. ಅದಕ್ಕೆ ಔಷಧಿ ಹುಡುಕುವ ಬದಲು ಕಾರಣ ಹುಡುಕಿ. ಮಲಗುತ್ತಿದ್ದೀರಾ, ಹೆಲ್ಮೆಟ್ಟಾ, ಉದ್ದ ಕಡ್ಡಿಯಾ, ಒದ್ದೆ ಬಿಡುತ್ತಿದ್ದೀರಾ, ಮುಟ್ಟುತ್ತಲೇ ಇದ್ದೀರಾ? ಕಾರಣ ಹೋದರೆ ಕೆಲವು ವಾರದಲ್ಲಿ ಅದೂ ಇಳಿಯುತ್ತದೆ. ಕೀಲಾಯ್ಡ್ ಬೇರೆ. ಅದು ಗಾಯದ ಗಡಿ ದಾಟಿ ಗಟ್ಟಿಯಾಗಿ ಬೆಳೆಯುತ್ತಲೇ ಹೋಗುತ್ತದೆ. ಚರ್ಮದ ಡಾಕ್ಟರು ಅದಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಸುಮ್ನೆ ಕತ್ತರಿಸಿದರೆ ಮತ್ತೆ ಅದಕ್ಕಿಂತ ದೊಡ್ಡದು ಬರಬಹುದು.

ಈಗ ಗಂಭೀರ ವಿಚಾರ. ನಾಲ್ಕೈದು ದಿನ ಕಳೆದ ಮೇಲೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಕಿವಿಯ ಮೇಲ್ಭಾಗವೆಲ್ಲ ಕೆಂಪಗೆ, ಬಿಸಿಯಾಗಿ, ಬಿಗಿದುಕೊಂಡಿದ್ದರೆ, ಹಸಿರು ಅಥವಾ ಗಟ್ಟಿ ಹಳದಿ ಕೀವು ಬಂದರೆ, ಜ್ವರ ಬಂದರೆ ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಒಂದು ಗುರುತು ನೆನಪಿಡಿ: ಮೇಲ್ಭಾಗ ಊದಿ ಹಾಲೆ ಮಾತ್ರ ಮಾಮೂಲಿನಂತಿದ್ದರೆ ಅದು ಪೆರಿಕಾಂಡ್ರೈಟಿಸ್ ಇರಬಹುದು, ಮೊದಲು ಹೇಳಿದ ಆ ಪೊರೆಯ ಸೋಂಕು. ಹಾಲೆಯಲ್ಲಿ ಕಾರ್ಟಿಲೇಜ್ ಇಲ್ಲ, ಅದಕ್ಕೇ ಅದು ಪಾರಾಗುತ್ತದೆ. ಇದಕ್ಕೆ ಹೆಚ್ಚಾಗಿ ಕಾರಣ ಒರೆಗಾನ್‌ನಲ್ಲಿ ಸಿಕ್ಕ ಅದೇ ಸ್ಯೂಡೋಮೊನಾಸ್. ಮೆಡಿಕಲ್‌ನವರು ಕೊಡುವ ಮಾಮೂಲಿ ಅಮಾಕ್ಸಿಸಿಲಿನ್ ಅದಕ್ಕೆ ನಾಟುವುದಿಲ್ಲ, ಡಾಕ್ಟರು ಸಿಪ್ರೋಫ್ಲಾಕ್ಸಸಿನ್ ಥರದ್ದನ್ನು ನೋಡಿ ಬರೆಯುತ್ತಾರೆ. ನೀವೇ ಕೊಂಡು ನುಂಗಬೇಡಿ. ಸ್ಟಡ್ಡನ್ನೂ ನೀವೇ ಕಿತ್ತು ಹಾಕಬೇಡಿ, ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು. ತೆಗೆಯಬೇಕಾ ಬಿಡಬೇಕಾ ಡಾಕ್ಟರು ಹೇಳಲಿ. ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇವೆ. ನಾನು ಬಲಗಿವಿಗೆ ಎಂಟು ದಿನ "ನಾಳೆ ಸರಿಹೋಗತ್ತೆ" ಅಂತ ಕಾದೆ. ಗಂಟು ಉಳಿದದ್ದು ಆ ಎಂಟು ದಿನದ್ದು.

ಇನ್ನೊಂದು ಸಣ್ಣ ವಿಷಯ. ರಕ್ತದಾನ ಮಾಡುವವರು ಚುಚ್ಚಿಸಿದ ಮೇಲೆ ಕೆಲವು ಕಾಲ ಕೊಡುವಂತಿಲ್ಲ. ಕ್ಯಾಂಪಿನಲ್ಲಿ ಕೇಳಿದಾಗ ದಿನಾಂಕ ಸರಿಯಾಗಿ ಹೇಳಿ.

ಓಲೆ ಬದಲಾಯಿಸುವುದು

ಮುಟ್ಟಿದರೆ ನೋವಿಲ್ಲ, ರಸಿಗೆ ನಿಂತು ಎರಡು ಮೂರು ತಿಂಗಳಾಗಿದೆ, ಕೆಂಪಿಲ್ಲ, ಊತವಿಲ್ಲ, ಒಂಬತ್ತು ಹತ್ತು ತಿಂಗಳಾದರೂ ಕಳೆದಿದೆ ಅಂದಾಗ ರಿಂಗ್ ಹಾಕಬಹುದು. ಮೊದಲ ಬದಲಾವಣೆ ಅವರ ಕೈಯಲ್ಲೇ ಆಗಲಿ. ಹೊಸದರ ದಪ್ಪ ಹಳೆಯದರಷ್ಟೇ ಇರಬೇಕು. ಮಾಯ್ದ ಮೇಲೂ ತುಂಬ ದಿನ ಖಾಲಿ ಬಿಡಬೇಡಿ, ಕಾರ್ಟಿಲೇಜ್ ತೂತು ವರ್ಷವಾದರೂ ಕುಗ್ಗುತ್ತದೆ.

ನನ್ನದು ಹದಿಮೂರನೇ ತಿಂಗಳು ನಡೆಯುತ್ತಿದೆ. ಹೋದ ವಾರ ಅಮ್ಮ ಬೀರುವಿನಿಂದ ಅಜ್ಜಿಯ ಬುಗುಡಿ ತೆಗೆದುಕೊಟ್ಟರು. ಹಾಕಲು ಹೋದರೆ ಅದರ ಕಡ್ಡಿ ನನ್ನ ತೂತಿಗಿಂತ ದಪ್ಪ. ಒತ್ತಿ ನೂಕುವ ಆಸೆ ಆಯಿತು, ಬಲಗಿವಿ ಮುಟ್ಟಿ ನೋಡಿಕೊಂಡು ಸುಮ್ಮನಾದೆ. ಅಶೋಕ ರಸ್ತೆಯ ಆಚಾರ್ರು ನನ್ನ ಹಳೇ ಕಡ್ಡಿಯನ್ನು ಅಳತೆಗೆ ಇಟ್ಟುಕೊಂಡಿದ್ದಾರೆ. ಬುಗುಡಿಯ ಮುಖ ಹಾಗೇ ಬಿಟ್ಟು ಹಿಂದೆ 18 ಕ್ಯಾರೆಟ್‌ನ ತೆಳು ಕಡ್ಡಿ ಕೂರಿಸಿಕೊಡುತ್ತಾರಂತೆ. ಶುಕ್ರವಾರ ಬಾಮ್ಮ ಅಂದಿದ್ದಾರೆ.